ಮಳೆ ಹಿಡಿದ ಪಿಯಾನೋ

ಬೆಳಿಗ್ಗೆಯಿಂದ ಬಿಡದ ಮಳೆ. ಪಿಯಾನೋದ ಒಂದು ಕೀ ಒತ್ತಿದರೆ ಕೆಳಗೇ ಕೂತುಬಿಡ್ತಿದೆ, ಮೇಲೇಳೋಕೆ ಸೋಮಾರಿತನ.

ಅದಕ್ಕೆ ಎಣ್ಣೆ ಮಾತ್ರ ಹಾಕಬೇಡಿ ಮಾರಾಯ್ರೆ. ಕೊಬ್ಬರಿ ಎಣ್ಣೆಯೂ ಬೇಡ, ತುಕ್ಕು ಬಿಡಿಸೋ ಸ್ಪ್ರೇಯೂ ಬೇಡ.

ಪ್ರತಿ ಕೀಯ ಅಡಿಯಲ್ಲೂ 2 ಲೋಹದ ಪಿನ್ನು: ಒಂದು ನಡುವೆ, ಒಂದು ಮುಂದೆ. ಪಿನ್ನು ಕೂರುವ ತೂತಿನ ಒಳಗೆ ಉಣ್ಣೆ ಬಟ್ಟೆಯ ಪಟ್ಟಿ. ತೇವ ಕುಡಿದು ಅದು ಉಬ್ಬಿದೆ, ಪಿನ್ನನ್ನ ಬಿಗಿಯಾಗಿ ಹಿಡಿದಿದೆ. ಅಷ್ಟೇ ಕಥೆ. ಎಣ್ಣೆ ಕುಡಿದ ಬಟ್ಟೆ ಧೂಳು ಹಿಡಿದು ಅಂಟಾಗುತ್ತೆ, ಆಮೇಲೆ ಕಿತ್ತು ಹೊಸದು ಹಾಕಿಸೋದೇ.

ಮೊದಲು ಟಾರ್ಚ್ ಹಿಡಿದು ಕೀಗಳ ಸಂದಿ ನೋಡಿ. ಮಕ್ಕಳಿರೋ ಮನೆಯಾದ್ರೆ ನಾಣ್ಯವೋ ಪೆನ್ಸಿಲ್ ಚೂರೋ ಸಿಕ್ಕೀತು. ಏನೂ ಇಲ್ಲದಿದ್ರೆ ಕೋಣೆಯ ತೇವ ಇಳಿಸಿ. ಡೀಹ್ಯುಮಿಡಿಫೈಯರ್ ಇದ್ರೆ ಒಳ್ಳೇದು, ಇಲ್ಲದಿದ್ರೆ ಎಸಿಯ ಡ್ರೈ ಮೋಡ್. ತೇವಮಾಪಕ ಶೇಕಡಾ 45ರಿಂದ 55 ತೋರಿಸಿದ್ರೆ ಕೀ ಎಷ್ಟೋ ಸಲ ತಾನೇ ಸರಿಹೋಗುತ್ತೆ. ಮಂಗಳೂರಿನ ಜುಲೈನಲ್ಲಿ ಅದು 80 ದಾಟಿರುತ್ತೆ ಅನ್ನೋದು ಬೇರೆ ಮಾತು.

ಶ್ರುತಿ ಮಾಡಿಸೋ ಆತುರವೂ ಈಗ ಬೇಡ. ಸೌಂಡ್‌ಬೋರ್ಡ್, ಅಂದ್ರೆ ನಾದ ಹೊಮ್ಮಿಸೋ ಮರದ ಹಲಗೆ, ಉಬ್ಬಿ ತಂತಿಗಳನ್ನ ಎಳೆದಿರುತ್ತೆ, ನಡುಸ್ಥಾಯಿಯ ಶ್ರುತಿ ಏರಿರುತ್ತೆ. ಗಾಳಿ ಒಣಗಿದ ಮೇಲೆ ಮತ್ತೆ ಇಳಿಯುತ್ತೆ, ಕೊಟ್ಟ ದುಡ್ಡು ದಂಡ. ಮಳೆ ನಿಂತು 2-3 ವಾರ ಆದ್ಮೇಲೆ ಟ್ಯೂನರ್‌ನ ಕರೆಸಿ.

ಅಲ್ಲೀತನಕ ಆ ಹೂದಾನಿಯನ್ನ ಪಿಯಾನೋ ಮೇಲಿಂದ ಇಳಿಸ್ತೀರಾ, ದಯವಿಟ್ಟು?