ಟೆರೇಸ್ ಗಾಲ್ಫ್ ಲಾಗ್: ಸೆವೆನ್ ಐರನ್, ಪೌಡರ್ ಮತ್ತು ರಸಮಟ್ಟ

ಈ ಸಲದ ಲಾಗ್ ಪೂರ್ತಿ ಒಂದೇ ಕ್ಲಬ್, ಅಂದರೆ ಗಾಲ್ಫ್ ಚೆಂಡು ಹೊಡೆಯುವ ಒಂದೇ ಕೋಲಿನ ಬಗ್ಗೆ. ಸೆವೆನ್ ಐರನ್. ದಾವಣಗೆರೆಯ ನಮ್ಮ ಟೆರೇಸ್ ಮೇಲೆ ಕಟ್ಟಿರುವ ನೆಟ್‌ಗೆ ಅದರಲ್ಲಿ ಹೊಡೆದರೆ ಏಟು ಚೆನ್ನಾಗಿ ಕೂರುತ್ತದೆ. ಶಬ್ದದಲ್ಲೇ ಗೊತ್ತಾಗುತ್ತದೆ. ಆದರೆ ಬೆಂಗಳೂರಿನ ಡ್ರೈವಿಂಗ್ ರೇಂಜ್‌ಗೆ (ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಬಯಲು) ಹೋದಾಗ ಅದೇ ಕ್ಲಬ್, ಅದೇ ಕೈ, ಚೆಂಡು ಮಾತ್ರ ತಗ್ಗಿನಲ್ಲೇ ಹೋಗಿ ಬಲಕ್ಕೆ ಬೀಳುತ್ತಿತ್ತು. ದೂರವೂ ಇಲ್ಲ, ನೇರವೂ ಇಲ್ಲ. ಹಿಂದಿನ ಸಲ ಹೀಗಿರಲಿಲ್ಲ.

ಗಾಲ್ಫ್‌ನಲ್ಲಿ ಇದು ದೊಡ್ಡವರನ್ನೂ ಬಿಟ್ಟಿಲ್ಲ. ಆಸ್ಟ್ರೇಲಿಯಾದ ಇಯಾನ್ ಬೇಕರ್-ಫಿಂಚ್ 1991ರಲ್ಲಿ ಬ್ರಿಟಿಷ್ ಓಪನ್ ಗೆದ್ದರು. 1997ರಲ್ಲಿ ಅದೇ ಟೂರ್ನಿಯ ಮೊದಲ ಸುತ್ತಿಗೆ 92 ಹೊಡೆತ ಬೇಕಾಯಿತು (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು), ಅಲ್ಲಿಗೇ ಹಿಂದೆ ಸರಿದರು. ಡೇವಿಡ್ ಡುವಾಲ್ 2001ರ ಓಪನ್ ಗೆದ್ದ ಮೇಲೆ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ ಮತ್ತೆ ಗೆಲ್ಲಲೇ ಇಲ್ಲ. ಇಂಥ ಕಥೆ ಕೇಳಿದವರು ತಕ್ಷಣ "ಎಲ್ಲಾ ಮನಸ್ಸಿನದ್ದು" ಅಂದುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮನಸ್ಸು ಸೇರುವುದು ಆಮೇಲೆ. ಅದಕ್ಕೂ ಮೊದಲು ಹಿಡಿತ, ನಿಲುವು, ಚೆಂಡಿನ ಜಾಗ, ಇವುಗಳಲ್ಲಿ ಏನೋ ಒಂದು ಸದ್ದಿಲ್ಲದೆ ಜರುಗಿರುತ್ತದೆ. ದೇಹ ಅದಕ್ಕೆ ಇನ್ನೊಂದು ಕಡೆ ಸರಿದೂಗಿಸಿಕೊಳ್ಳುತ್ತದೆ. ಎರಡೂ ಜೊತೆಗಿರುವಷ್ಟು ದಿನ ಚೆಂಡು ನೇರ ಹೋಗುತ್ತದೆ. ಒಂದು ತಪ್ಪಿದರೆ ಸಾಕು, ಕ್ಲಬ್ ಬೀಸುವ ಸ್ವಿಂಗೇ ಹೋಯಿತು ಅನ್ನಿಸುತ್ತದೆ.

ಹಾಗಾಗಿ ಮೊದಲು ಪೌಡರ್ ಪರೀಕ್ಷೆ. ಚೆಂಡು ಕ್ಲಬ್‌ಗೆ ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಕಣ್ಣಿಗೆ ಏನೂ ಕಾಣಲ್ಲ. ಕ್ಲಬ್‌ನ ಮುಖಕ್ಕೆ ಟಾಲ್ಕಮ್ ಪೌಡರ್ ಸವರಿ ಹೊಡೆದರೆ ಚೆಂಡು ತಾಗಿದ ಜಾಗದಲ್ಲಿ ಗುಂಡನೆಯ ಗುರುತು ಉಳಿಯುತ್ತದೆ. ಒರೆಸಿ, ಮತ್ತೆ ಸವರಿ, ಮತ್ತೆ ಹೊಡೆಯಬೇಕು. ಬೇಜಾರಿನ ಕೆಲಸ, ಆದರೆ ಇದಕ್ಕಿಂತ ನಿಜ ಹೇಳುವ ಸಾಧನ ಮನೆಯಲ್ಲಿಲ್ಲ. ರೇಂಜ್‌ನಲ್ಲಿ ಗುರುತುಗಳೆಲ್ಲ ಕ್ಲಬ್ ಮುಖದ ತುದಿಗೆ, ನನ್ನಿಂದ ದೂರದ ಕಡೆ. ಊರಿಗೆ ಬಂದು ಟೆರೇಸ್‌ನಲ್ಲಿ ನೋಡಿದರೆ ಸರಿಯಾಗಿ ನಡುವೆ!

ಒಬ್ಬನೇ ಮನುಷ್ಯ, ಎರಡು ಜಾಗ, ಎರಡು ಗುರುತು. ಹಾಗಿದ್ದರೆ ಜಾಗವನ್ನೇ ನೋಡಬೇಕು ಅಲ್ವಾ? ಬೇಸಿಗೆ ಶುರುವಾದಾಗ ನೆರಳಿಗೆ ಅಂತ, ಚೆಂಡಿಟ್ಟು ಹೊಡೆಯುವ ಮ್ಯಾಟನ್ನು ನೀರಿನ ಟ್ಯಾಂಕ್ ಪಕ್ಕಕ್ಕೆ ಎಳೆದಿದ್ದೆ. ಪಕ್ಕದ ಮನೆ ಕಟ್ಟುತ್ತಿರುವ ಮೇಸ್ತ್ರಿಯನ್ನು ಕರೆದು ಅಲ್ಲಿ ರಸಮಟ್ಟ ಇಡಿಸಿದೆ. ಗುಳ್ಳೆ ಒಂದು ಕಡೆ ಓಡಿತು.

"ಟೆರೇಸ್ ಅಂದ್ಮೇಲೆ ವಾಟ ಇರ್ಲೇಬೇಕಲ್ಲ ಸಾರ್, ಮಳೆ ನೀರು ಪೈಪಿಗೆ ಹೋಗ್ಬೇಕು. ಈ ಮೂಲೇಲಿ ಇನ್ನೂ ಜಾಸ್ತಿನೇ ಕೊಟ್ಟಿದಾರೆ" ಅಂದರು.

ಅಲ್ಲಿದೆ ವಿಷಯ. ಆ ಮೂಲೆಯಲ್ಲಿ ನಿಂತರೆ ಕಾಲ್ಬೆರಳಿನ ಕಡೆ ತಗ್ಗು, ಚೆಂಡು ಪಾದಕ್ಕಿಂತ ಕೆಳಗೆ. ಮುಂದಕ್ಕೆ ವಾಲಬಾರದು ಅಂತ ದೇಹ ತಾನಾಗಿ ಭಾರವನ್ನು ಹಿಮ್ಮಡಿಗೆ ಹಾಕುವುದನ್ನು ಕಲಿತಿತ್ತು. ಸಮತಟ್ಟು ನೆಲದಲ್ಲೂ ಹಾಗೇ ಹಿಂದಕ್ಕೆ ಕೂತರೆ ಕ್ಲಬ್ ಚೆಂಡಿನವರೆಗೆ ಪೂರ್ತಿ ತಲುಪಲ್ಲ, ತುದಿಯೇ ತಾಗುತ್ತದೆ. ತುದಿಗೆ ತಾಗಿದಾಗ ಕ್ಲಬ್ ಮುಖ ಹಿಂದಕ್ಕೆ ತಿರುಗುತ್ತದೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಹೋಗುತ್ತದೆ, ದೂರವೂ ಕಡಿಮೆಯಾಗುತ್ತದೆ. ರೇಂಜ್‌ನಲ್ಲಿ ಕಂಡದ್ದೆಲ್ಲ ಇದೇ.

ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುವ ಗೆಳೆಯನಿಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ರನ್‌ಅಪ್ ಜಾಗ ಸ್ವಲ್ಪ ಇಳಿಜಾರಾದ್ರೂ ಯಾರ್ಕರ್ ಹೋಗಿ ಫುಲ್‌ಟಾಸ್ ಆಗುತ್ತೆ ಕಣೋ" ಅಂದ. ವೇಗದ ಬೌಲರ್ ವಿನಯ್ ಕುಮಾರ್ ಹುಟ್ಟಿದ ಊರಲ್ಲಿ ಬೌಲಿಂಗ್ ಬಗ್ಗೆ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ.

ಈಗ ಮಾಡಿರುವುದು ಇಷ್ಟು. ದಪ್ಪ ಪ್ಲೈವುಡ್ ಹಲಗೆ, ತಗ್ಗಿನ ಕಡೆ ಮರದ ಪಟ್ಟಿ ಕೊಟ್ಟು ಮಟ್ಟ ಮಾಡಿದ್ದೇನೆ. ಮ್ಯಾಟ್ ಜೊತೆ ನಿಲ್ಲುವ ಜಾಗವೂ ಅದರ ಮೇಲೇ ಬರಬೇಕು, ಇಲ್ಲದಿದ್ದರೆ ಪ್ರಯೋಜನವಿಲ್ಲ. ಹಿಡಿತ, ಬ್ಯಾಕ್‌ಸ್ವಿಂಗ್ ಯಾವುದನ್ನೂ ಮುಟ್ಟಿಲ್ಲ. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ. ಹಲಗೆ ಹಾಕಿದ ಮೊದಲ ವಾರ ಗುರುತು ತುದಿಗೇ ಬಂತು, ಇದು ರೇಂಜ್ ಜೊತೆ ತಾಳೆಯಾಗಿ ನನಗೆ ಖುಷಿಯೇ ಆಯಿತು. ಈಗ ನಿಧಾನಕ್ಕೆ ನಡುವಿಗೆ ಬರುತ್ತಿದೆ. ಬೆಳಿಗ್ಗೆ ಬಿಸಿಲೇರುವ ಮೊದಲು, ಅರ್ಧ ವೇಗದಲ್ಲಿ, ಭಾರ ಪಾದದ ನಡುವೆ ಇದೆಯಾ ಅಂತ ಮಾತ್ರ ಗಮನಿಸುತ್ತಿದ್ದೇನೆ.

ಉಳಿದಿರುವ ಅನುಮಾನ ಮ್ಯಾಟ್ ಮೇಲೆ. ಕ್ಲಬ್ ಚೆಂಡಿಗಿಂತ ಹಿಂದೆ ನೆಲಕ್ಕೆ ತಾಗಿದರೂ ಮ್ಯಾಟ್ ಮೇಲೆ ಜಾರಿಕೊಂಡು ಬಂದು ಏಟು ಚೆನ್ನಾಗೇ ಬಿದ್ದಂತೆ ಅನ್ನಿಸುತ್ತದೆ. ಹುಲ್ಲಿನಲ್ಲಿ ಆ ರಿಯಾಯಿತಿ ಇಲ್ಲ. ಚೆಂಡಿನ ಹಿಂದೆ ನಾಲ್ಕು ಬೆರಳು ಬಿಟ್ಟು ಮಡಚಿದ ಟವೆಲ್ ಇಟ್ಟು ಹೊಡೆಯುವುದು ಮುಂದಿನ ಕೆಲಸ. ಟವೆಲ್ ಅಲುಗಿದರೆ ಕ್ಲಬ್ ಬೇಗ ಇಳಿಯುತ್ತಿದೆ ಅಂತ ಅರ್ಥ. ಅದರ ಫಲಿತಾಂಶ ಬಂದ ಮೇಲೆ ರೇಂಜ್‌ಗೆ ಹೋಗುತ್ತೇನೆ, ಪೌಡರ್ ಡಬ್ಬಿ ಜೊತೆಗೇ.