ಹಾಡಿಗೂ ಸಿನಿಮಾಕ್ಕೂ ಒಂದೇ ರಿಸೀವರ್: ಕಡಿಮೆ ದುಡ್ಡಿನಲ್ಲಿ ಯಾವುದನ್ನು ನೋಡಿ ಕೊಳ್ಳಬೇಕು

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ವ್ಯಾಟ್ ಅಂಕಿಯನ್ನು ನೋಡಿ ಎವಿ ರಿಸೀವರ್ (ಟಿವಿ, ಪ್ಲೇಯರ್‌ಗಳ ಸದ್ದನ್ನು ಹಿಗ್ಗಿಸಿ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಕೊಳ್ಳಬೇಡಿ. ಉದಾಹರಣೆಗೆ ಯಮಹಾದ ಆರ್‌ಎಕ್ಸ್-ವಿ385 ಅನ್ನೇ ನೋಡಿ. ಅದು 5.1 ಚಾನೆಲ್ಲಿನ (ಐದು ಸ್ಪೀಕರ್, ಬಾಸ್‌ಗೆಂದೇ ಒಂದು ಸಬ್‌ವೂಫರ್), ಕೆಳಗಿನ ದರ್ಜೆಯ ಒಳ್ಳೆಯ ರಿಸೀವರ್. ಆ ಒಂದೇ ಪೆಟ್ಟಿಗೆಗೆ 70, 100, 135 ಎಂದು ಮೂರು ವ್ಯಾಟ್ ಅಂಕಿಗಳಿವೆ. ಮೂರೂ 6 ಓಮ್‌ಗೆ (ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಕೊಟ್ಟವೇ, ಅಳೆದ ರೀತಿ ಮಾತ್ರ ಬೇರೆ. 135 ಬರುವುದು ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಸ್ ಸ್ವರ ಒಂದನ್ನೇ ಕೊಟ್ಟು, ಶೇ 10 ಡಿಸ್ಟಾರ್ಷನ್ (ಸದ್ದಿನ ವಿಕಾರ) ಬರುವವರೆಗೂ ಹಿಂಡಿದಾಗ. ಅಷ್ಟು ಡಿಸ್ಟಾರ್ಷನ್ ಇದ್ದರೆ ಹಾಡು ಒಡೆದು ಕೇಳುತ್ತದೆ. 70 ಬರುವುದು ಎರಡು ಚಾನೆಲ್ ಒಟ್ಟಿಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇ 0.09 ಡಿಸ್ಟಾರ್ಷನ್ನಿನಲ್ಲಿ. ಎರಡು ಮಾಡೆಲ್ ಹೋಲಿಸುವಾಗ ಈ ಕೊನೆಯ ರೀತಿಯ ಸಾಲನ್ನು ಹುಡುಕಿ. ಅದು ಎಲ್ಲೂ ಸಿಗದಿದ್ದರೆ ಆ ಪೆಟ್ಟಿಗೆಯನ್ನು ಬಿಟ್ಟುಬಿಡಿ.

70 ವ್ಯಾಟ್ ಸಾಕೇ? ಸದ್ದು 3 ಡೆಸಿಬಲ್ ಏರಬೇಕಾದರೆ ವ್ಯಾಟ್ ಎರಡರಷ್ಟಾಗಬೇಕು. ಹಾಗಾಗಿ 70ಕ್ಕೂ 100ಕ್ಕೂ ಇರುವ ಅಂತರ ಬರೀ ಒಂದೂವರೆ ಡೆಸಿಬಲ್. ಅದೇ 85 ಡೆಸಿಬಲ್ ಸೆನ್ಸಿಟಿವಿಟಿಯ (1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರಕ್ಕೆ ಕೇಳುವ ಸದ್ದಿನ ಮಟ್ಟ) ಸ್ಪೀಕರ್ ಬಿಟ್ಟು 88ರದ್ದು ಕೊಂಡರೆ ವ್ಯಾಟ್ ದುಪ್ಪಟ್ಟು ಮಾಡಿದಷ್ಟೇ ಲಾಭ. 12 ಅಡಿಗೆ 15 ಅಡಿಯ ಹಾಲ್‌ನಲ್ಲಿ 88 ಡೆಸಿಬಲ್ಲಿನ ಎರಡು ಸ್ಪೀಕರ್‌ಗಳಿಂದ 3 ಮೀಟರ್ ದೂರ ಕೂತರೆ, ಒಂದೊಂದಕ್ಕೆ 1 ವ್ಯಾಟ್ ಹೋದಾಗಲೇ ಸುಮಾರು 80 ಡೆಸಿಬಲ್ ಕಿವಿಗೆ ಬೀಳುತ್ತದೆ. 10 ವ್ಯಾಟ್‌ಗೆ 90. ಮಿಕ್ಕಿದ್ದೆಲ್ಲ ತಬಲದ ಪೆಟ್ಟು, ಸಿನಿಮಾದ ಸ್ಫೋಟದಂಥ ಕ್ಷಣಗಳಿಗೆ ಇಟ್ಟ ಮೀಸಲು. ನನ್ನ ಲೆಕ್ಕದಲ್ಲಿ ಬಜೆಟ್ಟಿನ ಮೂರನೇ ಒಂದು ಭಾಗ ರಿಸೀವರ್‌ಗೆ, ಉಳಿದದ್ದು ಸ್ಪೀಕರ್ ಮತ್ತು ಸಬ್‌ವೂಫರ್‌ಗೆ ಹೋಗಬೇಕು. ಒಂದೇ ಸಲ 5.1 ಪೂರ್ತಿ ಕೊಳ್ಳಲಾಗದಿದ್ದರೆ ಮುಂದಿನ ಎರಡು ಒಳ್ಳೆಯ ಸ್ಪೀಕರ್‌ಗಳಿಂದ ಶುರುಮಾಡಿ. ಐದು ಸಾಧಾರಣ ಡಬ್ಬಗಳಿಗಿಂತ ಅದೇ ಮೇಲು, ಹಾಡು ಕೇಳುವವರಿಗಂತೂ ಖಂಡಿತ.

ಓಮ್ ಕಡೆ ನಿಗಾ ಇರಲಿ. ಹಳೆಯ ಡಿವಿಡಿ ಹೋಮ್ ಥಿಯೇಟರ್ ಸೆಟ್ಟಿನ ಸ್ಪೀಕರ್ ಉಳಿದಿವೆಯಲ್ಲ, ಅವನ್ನೇ ಬಳಸೋಣ ಎಂದು ಅನೇಕರು ಹೊರಡುತ್ತಾರೆ. ಅವುಗಳಲ್ಲಿ ಎಷ್ಟೋ 3 ಅಥವಾ 4 ಓಮ್‌ನವು. 6 ಓಮ್‌ಗಿಂತ ಕೆಳಗೆ ಬೇಡ ಎಂದು ಬರೆದಿರುವ ರಿಸೀವರ್‌ಗೆ ಅವನ್ನು ಕಟ್ಟಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೂಲಕ ಹೆಚ್ಚು ಕರೆಂಟ್ ಹರಿದು ಅವು ಬಿಸಿಯೇರುತ್ತವೆ, ಪ್ರೊಟೆಕ್ಷನ್ ಬಂದು ಯಂತ್ರ ಆಫ್ ಆಗುತ್ತದೆ. ಸ್ಪೀಕರ್ ಹಿಂದಿನ ಚೀಟಿ ಓದಿಯೇ ಮುಂದುವರಿಯಿರಿ.

ಎಚ್‌ಡಿಎಂಐ ವಿಷಯಕ್ಕೆ ಬಂದರೆ, ಟಿವಿಯಲ್ಲಿ ಎಆರ್‌ಸಿ (ಟಿವಿಯ ಸದ್ದನ್ನು ಅದೇ ಕೇಬಲ್ಲಿನಲ್ಲಿ ರಿಸೀವರ್‌ಗೆ ವಾಪಸ್ ಕಳಿಸುವ ಸೌಲಭ್ಯ) ಇರುವುದು ಸಾಮಾನ್ಯವಾಗಿ ಒಂದೇ ಸಾಕೆಟ್ಟಿನಲ್ಲಿ. ರಿಸೀವರ್‌ನ ಎಚ್‌ಡಿಎಂಐ ಔಟ್‌ನಿಂದ ಕೇಬಲ್ ಅಲ್ಲಿಗೇ ಹೋಗಬೇಕು, ಎರಡೂ ಕಡೆ ಸಿಇಸಿ (ಎಚ್‌ಡಿಎಂಐ ಮೂಲಕ ಯಂತ್ರಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಇರಬೇಕು. ಇಷ್ಟಾದರೂ ಹಿಂದಿನ ಸ್ಪೀಕರ್‌ಗಳಿಗೆ ಸರಿಯಾದ ಸರೌಂಡ್ ಬರದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್ ತೆರೆಯಿರಿ. ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿರಬಹುದು, ಅದರಲ್ಲಿ ಎರಡೇ ಚಾನೆಲ್ ಹೋಗುತ್ತದೆ. ಆಟೋ ಅಥವಾ ಪಾಸ್‌ತ್ರೂ ಮಾಡಿ. ಒಟಿಟಿಯವರು ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್‌ಗೆ ಎಆರ್‌ಸಿ ಸಾಕು, ಎರಡೂ ತುದಿಯ ಯಂತ್ರಗಳು ಅದನ್ನು ಒಪ್ಪಿದರೆ. ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎಆರ್‌ಸಿಯಲ್ಲಿ ಹಾದುಬರುವುದಿಲ್ಲ, ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕು. ಇಲ್ಲವೇ ಪ್ಲೇಯರನ್ನು ನೇರ ರಿಸೀವರ್‌ಗೆ ಕೊಡಿ, ಅದು ಎಲ್ಲಕ್ಕಿಂತ ಸುಲಭ.

ಆಟ್ಮಾಸ್‌ಗೆಂದು (ತಲೆಯ ಮೇಲಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿಯ ವಿಧಾನ) 7 ಚಾನೆಲ್ಲಿನ ರಿಸೀವರ್‌ಗೆ ಹೆಚ್ಚು ತೆರುವ ಮುಂಚೆ ಮೇಲೆ ನೋಡಿ. ಸದ್ದನ್ನು ಸೂರಿಗೆ ಬಡಿದು ಇಳಿಸುವ ಸ್ಪೀಕರ್‌ಗಳಿಗೆ ಚಪ್ಪಟೆಯಾದ, ಗಟ್ಟಿ ಸೂರು ಬೇಕು. ಆರ್‌ಸಿಸಿ ತಾರಸಿಯಾದರೆ ಸರಿ. ಇಳಿಜಾರು ಮಂಗಳೂರು ಹೆಂಚಿನ ಮನೆಯಲ್ಲಿ ಆ ಸದ್ದು ಕೂತವರ ಕಿವಿಗೆ ಬರುವುದಿಲ್ಲ, ಅಲ್ಲಿ 5.1 ತೆಗೆದುಕೊಂಡು ಉಳಿದ ಹಣವನ್ನು ಸಬ್‌ವೂಫರ್‌ಗೆ ಹಾಕಿ.

ಎವಿ ರಿಸೀವರ್‌ನಲ್ಲಿ ಹಾಡು ಚೆನ್ನಾಗಿ ಕೇಳುವುದಿಲ್ಲ ಎಂಬ ದೂರಿನ ಬಹುಪಾಲು ಸೆಟ್ಟಿಂಗ್‌ನ ತಪ್ಪು. ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು ಮೆನುವಿನಲ್ಲಿ ಸ್ಮಾಲ್ ಎಂದೇ ಇಡಿ, ಕ್ರಾಸ್‌ಓವರ್ 80 ಹರ್ಟ್ಸ್. ಅದರ ಕೆಳಗಿನದೆಲ್ಲ ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರ್‌ಗೆ ಹೋಗುತ್ತದೆ. ಕರೆಂಟ್ ಹೆಚ್ಚು ಬೇಡುವುದು ಬಾಸ್ಸೇ ಆದ್ದರಿಂದ ರಿಸೀವರ್‌ನ ಭಾರ ಇಳಿದು, ಮೃದಂಗದ ತೊಪ್ಪಿಯ ನಾದ ಹಾಡುಗಾರರ ದನಿಯನ್ನು ಕದಡುವುದಿಲ್ಲ. ಸಬ್‌ವೂಫರ್ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ. ಇಲ್ಲದಿದ್ದರೆ ಎರಡು ಫಿಲ್ಟರ್‌ಗಳು ಒಂದರ ಮೇಲೊಂದು ಕೂತು 60ರಿಂದ 80 ಹರ್ಟ್ಸ್ ನಡುವೆ ಸದ್ದು ತಗ್ಗುತ್ತದೆ. ಹಾಡು ಕೇಳುವಾಗ, ಸದ್ದನ್ನು ತಿದ್ದದೆ ಹಾಗೇ ಬಿಡುವ ಡೈರೆಕ್ಟ್ ಮೋಡ್ ಶುದ್ಧ ಎಂದು ಕೆಲವರ ನಂಬಿಕೆ. ಹಲವು ರಿಸೀವರ್‌ಗಳಲ್ಲಿ ಅದನ್ನು ಒತ್ತಿದ ಕೂಡಲೇ ಸಬ್‌ವೂಫರ್ ಮೌನವಾಗುತ್ತದೆ. ಚಿಕ್ಕ ಸ್ಪೀಕರ್ ಇದ್ದವರು ಸ್ಟೀರಿಯೋ ಮೋಡ್‌ನಲ್ಲೇ ಕೇಳಿ.

ಸ್ಪೀಕರ್‌ಗಳ ದೂರ, ಲೆವೆಲ್ ತಾನೇ ಅಳೆದು ಹೊಂದಿಸಿಕೊಳ್ಳಲು ಮೈಕ್ ಕೊಟ್ಟಿರುವ ಮಾಡೆಲ್ ಆರಿಸಿ. ತೀರಾ ಅಗ್ಗದ ಕೆಲವಕ್ಕೆ ಅದು ಬರುವುದಿಲ್ಲ. ಅಳೆಯುವ ಮುಂಚೆ ಫ್ಯಾನ್ ಆಫ್ ಮಾಡಿ, ಫ್ರಿಜ್ ಹತ್ತಿರವಿದ್ದರೆ ಅದನ್ನೂ. ಮೈಕನ್ನು ಸೋಫಾ ಒರಗಿನ ಮೇಲೆ ಇಡದೆ ಟ್ರೈಪಾಡ್‌ಗೆ ಸಿಕ್ಕಿಸಿ ಕಿವಿಯ ಎತ್ತರಕ್ಕೆ ತನ್ನಿ. ಅಳತೆ ಮುಗಿದ ಮೇಲೆ ಮೆನು ತೆರೆದು ಪರೀಕ್ಷಿಸಿ: ಮುಂದಿನ ಸ್ಪೀಕರ್‌ಗಳಿಗೆ ಲಾರ್ಜ್ ಎಂದು ಬರೆದುಕೊಂಡಿದ್ದರೆ ಸ್ಮಾಲ್ ಮಾಡಿ. ಸಬ್‌ವೂಫರ್ ಲೆವೆಲ್ ಮೈನಸ್‌ನ ಕೊನೆಗೆ ಹೋಗಿ ನಿಂತಿದ್ದರೆ ಅದರ ವಾಲ್ಯೂಮ್ ತಗ್ಗಿಸಿ ಮತ್ತೆ ಅಳೆಯಿರಿ. ಆದರೆ ಸಬ್‌ವೂಫರ್ ದೂರ ಟೇಪಿನ ಅಳತೆಗಿಂತ ಹೆಚ್ಚು ತೋರಿಸಿದರೆ ತಿದ್ದಬೇಡಿ. ಅದರೊಳಗಿನ ಸರ್ಕ್ಯೂಟಿನಲ್ಲಿ ಆಗುವ ವಿಳಂಬ ಆ ಅಂಕಿಯಲ್ಲಿ ಸೇರಿದೆ. ಮಾತು ಕೇಳಿಸದಿದ್ದರೆ ಸೆಂಟರ್ ಚಾನೆಲ್ 2 ಡೆಸಿಬಲ್ ಏರಿಸಿ.

ವೈರ್‌ಗೆ ದುಂದು ಬೇಡ. 1.5 ಚದರ ಮಿಲಿಮೀಟರಿನ, ಎಳೆಎಳೆಯಾದ ಅಪ್ಪಟ ತಾಮ್ರದ ವೈರ್ 10 ಮೀಟರ್ ಎಳೆದರೆ ಹೋಗಿಬರುವ ದಾರಿಯಲ್ಲಿ ಸುಮಾರು 0.24 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕಿಲ್ಲ. 15 ಮೀಟರ್ ಮೀರಿದರೆ 2.5ರದ್ದು ಹಾಕಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುಂಚೆ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ತಾಮ್ರ ಸವರಿದ ಅಲ್ಯೂಮಿನಿಯಂ. ಟರ್ಮಿನಲ್‌ಗೆ ಸೇರಿಸುವಾಗ ಒಂದೇ ಒಂದು ಎಳೆ ಪಕ್ಕದ್ದಕ್ಕೆ ತಾಗಿದರೂ ಪ್ರೊಟೆಕ್ಷನ್ ಬರುತ್ತದೆ, ಹೊಸೆದು ಒಳಗಿಡಿ.

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವವರಿಗೆ ಒಂದು ಮಾತು. ಅಲ್ಲಿನ ರಿಸೀವರ್‌ಗಳು ಸಾಮಾನ್ಯವಾಗಿ 120 ವೋಲ್ಟ್‌ನವು, ಪ್ಲಗ್ ಬದಲಿಸಿ ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟೇ ಹೋಗುತ್ತವೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕು, ಅದೂ 500 ವಿಎಗೆ ಕಡಿಮೆಯದ್ದು ಬೇಡ. ಸರ್ವಿಸ್‌ನ ತಲೆನೋವೂ ಸೇರಿದರೆ ಉಳಿತಾಯ ಉಳಿಯುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಗುಂಯ್ ಎನ್ನುವ ಸದ್ದು ಬಂದರೆ ಮೊದಲು ಕೇಬಲ್ ಟಿವಿ ಅಥವಾ ಡಿಶ್‌ನ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಳಚಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಅರ್ಥ್‌ಗೆ ಎರಡು ದಾರಿಯಾಗಿ ಅವುಗಳ ನಡುವೆ ಕರೆಂಟ್ ಸುತ್ತುವುದು. ರಿಸೀವರ್, ಟಿವಿ, ಸಬ್‌ವೂಫರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಬಗ್ಗದಿದ್ದರೆ ಕೇಬಲ್ ಟಿವಿಯ ವೈರ್‌ಗೆ ಐಸೊಲೇಟರ್ (ಆ ಸುತ್ತನ್ನು ಮುರಿಯುವ ಚಿಕ್ಕ ಸಾಧನ) ಹಾಕಿಸಿ. ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಗುಂಯ್‌ಗುಟ್ಟಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಕೆಲಸ, ರಿಸೀವರ್ ಬದಲಿಸಿ ಪ್ರಯೋಜನವಿಲ್ಲ. ಏನೇ ಆಗಲಿ, ಪ್ಲಗ್‌ನ ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ. ಒಳಗೆ ಏನಾದರೂ ಕೆಟ್ಟು ಕರೆಂಟ್ ಕವಚಕ್ಕೆ ಇಳಿದರೆ ಮುಟ್ಟಿದವರನ್ನು ಕಾಯುವುದು ಆ ಪಿನ್ನೇ.