ನನ್ನ ಏಳು ತಿಂಗಳು ಲೆಕ್ಕಕ್ಕೆ ಬರಲಿಲ್ಲ

ಕೆನಡಾದಲ್ಲಿ ನನಗೆ ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ಇರೋ ಹಕ್ಕು, ಸಿಕ್ಕಿ ಮೂರು ವಾರ ಆಯ್ತು. ಅವತ್ತಿನಿಂದ ಮೆಸೇಜ್ ಮೇಲೆ ಮೆಸೇಜ್. "ಅಕ್ಕ, ಏಜೆಂಟ್ ಯಾರು? ಎಷ್ಟು ತಗೊಂಡ್ರು?" ಏಜೆಂಟ್ ಯಾರೂ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಬರೆದುಬಿಡುತ್ತೇನೆ. ನಾನು ಲಾಯರ್ ಅಲ್ಲ, ಲೆಕ್ಕ ಬರೆಯೋಳು. ಹಾಗಾಗಿ ಇದೂ ಒಂಥರಾ ಲೆಕ್ಕವೇ.

ನನ್ನ ದಾರಿ ಸಿಇಸಿ, ಅಂದರೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್. 2008ರಲ್ಲಿ ಶುರುವಾಗಿದ್ದು, 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಒಳಗೆ ಸೇರಿಕೊಂಡಿದೆ, ಅಂದರೆ ಪ್ರತಿಯೊಬ್ಬರಿಗೂ ಅಂಕ ಕೊಟ್ಟು ಜಾಸ್ತಿ ಅಂಕದವರನ್ನು ಅರ್ಜಿ ಹಾಕೋಕೆ ಕರೆಯೋ ವ್ಯವಸ್ಥೆ. ಕೇಳೋಕೆ ಬಹಳ ಸುಲಭ. ಕೆನಡಾದಲ್ಲೇ, ಪರ್ಮಿಟ್ ಇಟ್ಟುಕೊಂಡು, ಹಿಂದಿನ ಮೂರು ವರ್ಷದೊಳಗೆ ಒಂದು ವರ್ಷ 'ಸ್ಕಿಲ್ಡ್' ಕೆಲಸ ಮಾಡಿರಬೇಕು. ಇಂಗ್ಲಿಷ್ ಅಥವಾ ಫ್ರೆಂಚ್ ಪರೀಕ್ಷೆ ಬರೆದಿರಬೇಕು. ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಅಂತ ತೋರಿಸೋ ತಲೆನೋವು ಇಲ್ಲ. ಆದರೆ ಆ 'ಸ್ಕಿಲ್ಡ್' ಅನ್ನೋ ಪದ ಇದೆಯಲ್ಲ, ಅದರಲ್ಲೇ ನನ್ನ ಏಳು ತಿಂಗಳು ಮುಳುಗಿಹೋಯಿತು.

ನಮ್ಮೂರು ತಿಪಟೂರಿನ ಹತ್ತಿರ. ಬಿಕಾಂ ಮುಗಿಸಿ ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಐದು ವರ್ಷ ಕೆಲಸ ಮಾಡಿದವಳು. 2021ರಲ್ಲಿ ತೋಟದ ಮೇಲೆ ಸಾಲ ಎತ್ತಿ ಒಂಟಾರಿಯೊದ ಕಿಚನರ್‌ಗೆ ಎರಡು ವರ್ಷದ ಡಿಪ್ಲೊಮಾ ಓದೋಕೆ ಬಂದೆ. ಓದುವಾಗ ಒಂದು ಕಾಫಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಆ ಗಂಟೆಗಳನ್ನೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೆ, ಮುಂದೆ ಪಿಆರ್‌ಗೆ ಬರುತ್ತೆ ಅಂದುಕೊಂಡು. ಬರಲ್ಲ. ಫುಲ್ ಟೈಮ್ ಓದುತ್ತಾ ಮಾಡಿದ ಕೆಲಸ ಎಂಥದ್ದೇ ಆಗಿರಲಿ, ಸಿಇಸಿಗೆ ಸೊನ್ನೆ. ಸ್ವಂತ ವ್ಯವಹಾರ ಮಾಡಿದ್ದೂ ಅಷ್ಟೇ, ಸೊನ್ನೆ.

2023ರಲ್ಲಿ ಓದು ಮುಗಿದು ಮೂರು ವರ್ಷದ ವರ್ಕ್ ಪರ್ಮಿಟ್ ಸಿಕ್ಕಿತು. ಓದಿನ ಮೇಲೆ ಸಿಗೋ ಈ ಪರ್ಮಿಟ್ ಜೀವನದಲ್ಲಿ ಒಂದೇ ಸಲ ಕೊಡೋದು, ಹಾಗಾಗಿ ಒಂದೊಂದು ತಿಂಗಳೂ ಲೆಕ್ಕ. ಮೊದಲ ಕೆಲಸ ಒಂದು ಗೋದಾಮಿನ ಆಫೀಸಿನಲ್ಲಿ, ಅಕೌಂಟ್ಸ್ ಪೇಯಬಲ್. ಬಿಲ್ ಬಂದರೆ ಆರ್ಡರ್ ಜೊತೆ ತಾಳೆ ನೋಡೋದು, ಟೈಪ್ ಮಾಡೋದು, ಫೈಲಿಗೆ ಹಾಕೋದು. ಎಸಿ ರೂಮು, ಕಂಪ್ಯೂಟರ್, ಕೊರಳಲ್ಲಿ ಐಡಿ ಕಾರ್ಡ್. ಇದಕ್ಕಿಂತ ಸ್ಕಿಲ್ಡ್ ಇನ್ನೇನಿರುತ್ತೆ ಅಲ್ವಾ? ಜೊತೆಯಲ್ಲಿದ್ದವರೂ "ಆಫೀಸ್ ಕೆಲಸ ತಾನೆ, ಆಗುತ್ತೆ ಬಿಡು" ಅಂದರು. ನಾನೂ ಬಿಟ್ಟೆ.

ಇಲ್ಲಿ ಪ್ರತಿ ಕೆಲಸಕ್ಕೂ ಐದು ಅಂಕಿಯ ನಾಕ್ ಕೋಡ್ ಅಂತ ಇರುತ್ತೆ. 2022ರ ನವೆಂಬರಿನಿಂದ ಇಮಿಗ್ರೇಷನ್‌ನವರು ನೋಡುವುದು ಅದರ ಎರಡನೇ ಅಂಕಿಯನ್ನು, ಅದಕ್ಕೆ ಟೀರ್ ಅಂತಾರೆ. ಅದು 0, 1, 2, 3 ಇದ್ದರೆ ಸ್ಕಿಲ್ಡ್. 4, 5 ಇದ್ದರೆ ಇಲ್ಲ. ಬುಕ್‌ಕೀಪರ್ ಕೋಡ್ 12200. ಪೇಯಬಲ್ ಕ್ಲರ್ಕ್ ಕೋಡ್ 14200. ನೋಡಿ, ಒಂದೇ ಒಂದು ಅಂಕಿ. ಒಂದು ಭಾನುವಾರ ರಾತ್ರಿ ಸುಮ್ನೆ ಕೂತು ಕೋಡ್ ಹುಡುಕಿದಾಗ ನನಗೆ ಇದು ಗೊತ್ತಾಯ್ತು. ಅಷ್ಟೊತ್ತಿಗೆ ಏಳು ತಿಂಗಳು ಮುಗಿದಿತ್ತು. ಅವತ್ತು ಅನ್ನ ಇಳಿಯಲಿಲ್ಲ. ಆದರೆ ಹಣೆಯ ಬೆವರು ಒರೆಸಿಕೊಂಡು ಅಡುಗೆ ಮನೆಯಲ್ಲಿ ನಿಲ್ಲೋ ಕುಕ್ ಕೋಡ್ 63200, ಅದು ಸ್ಕಿಲ್ಡ್. ನನ್ನ ರೂಮ್‌ಮೇಟ್ ಹೋಟೆಲಿನಲ್ಲಿ ಕುಕ್. ಅವಳ ಕೆಲಸವನ್ನು ನಾನು ಮನಸ್ಸಿನಲ್ಲೇ ಒಂದು ಮೆಟ್ಟಿಲು ಕೆಳಗಿಟ್ಟಿದ್ದೆ, ನಿಜ ಹೇಳಬೇಕು.

2024ರ ಫೆಬ್ರವರಿಯಲ್ಲಿ ಪ್ಲಂಬಿಂಗ್ ಸಾಮಾನು ಮಾರೋ ಒಂದು ಸಣ್ಣ ಕಂಪನಿ ಸೇರಿದೆ. ಪೂರ್ತಿ ಪುಸ್ತಕ ನನ್ನದೇ. ಬ್ಯಾಂಕ್ ತಾಳೆ, ಟ್ರಯಲ್ ಬ್ಯಾಲೆನ್ಸ್, ಹನ್ನೊಂದು ಜನರ ಸಂಬಳ, ಎಚ್‌ಎಸ್‌ಟಿ (ನಮ್ಮ ಜಿಎಸ್‌ಟಿ ಥರದ ತೆರಿಗೆ) ರಿಟರ್ನ್, ಎಲ್ಲಾ.

ಇಲ್ಲಿ ಗಂಟೆಯ ಲೆಕ್ಕ ಹೇಳಬೇಕು. ಒಂದು ವರ್ಷ ಅಂದರೆ 1560 ಗಂಟೆ, ವಾರಕ್ಕೆ 30ರಂತೆ. ನಾನು ವಾರಕ್ಕೆ ಮೂವತ್ತೇಳೂವರೆ ಗಂಟೆ ಮಾಡುತ್ತಿದ್ದೆ, ಮಾರ್ಚ್ ಕೊನೆಯಲ್ಲಿ ಐವತ್ತೂ ಆಗಿದ್ದುಂಟು. ಜಾಸ್ತಿ ಮಾಡಿದರೆ ಬೇಗ ಮುಗಿಯುತ್ತಾ? ಇಲ್ಲ. 30ರ ಮೇಲಿನದು ಲೆಕ್ಕಕ್ಕಿಲ್ಲ. ನಮ್ಮ ಕಡೆ ಕೊಬ್ಬರಿ ಮಾಡೋದು ಗೊತ್ತಲ್ಲ, ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ವರ್ಷ ಹತ್ತಿರ ಕಾಯಲೇಬೇಕು, ಕೆಳಗೆ ಎಷ್ಟು ಬೆಂಕಿ ಹಾಕಿದರೂ ಕಾಯಿ ಗಡಗಡ ಅನ್ನೋವರೆಗೆ ಒಡೆಯೋ ಹಾಗಿಲ್ಲ. ಹಾಗೇ ಇದು. ನಡುವೆ ತಮ್ಮನ ಮದುವೆಗೆ ಊರಿಗೆ ಹೋಗಿದ್ದೆ. ಸಂಬಳವಿರುವ ಎರಡು ವಾರ ರಜೆಗೆ ತೊಂದರೆ ಇಲ್ಲ, ಸಂಬಳವಿಲ್ಲದ ಮೂರು ವಾರ ಮತ್ತೆ ಸೇರಿಸಿ ದುಡಿಯಬೇಕಾಯಿತು.

2025ರ ಮಾರ್ಚಿನಲ್ಲಿ ವರ್ಷ ತುಂಬಿತು, ಪ್ರೊಫೈಲ್ ಹಾಕಿದೆ. ಸ್ಕೋರ್ 512. ಆ ವರ್ಷ ಪೂರ್ತಿ ಸಿಇಸಿ ಕಟ್ ಆಫ್ 515ರಿಂದ ಕೆಳಗೆ ಇಳಿಯಲೇ ಇಲ್ಲ. 2021ರ ಫೆಬ್ರವರಿ 13ರಂದು ಇದೇ ಸಿಇಸಿಯಲ್ಲಿ 75 ಅಂಕಕ್ಕೆ 27,332 ಜನರನ್ನು ಕರೆದಿದ್ದರು. ಎಪ್ಪತ್ತೈದು! ಆಗ ಇಲ್ಲಿದ್ದವರು ಈಗಲೂ ಆ ಕಥೆ ಹೇಳಿ ನಮ್ಮ ಹೊಟ್ಟೆ ಉರಿಸುತ್ತಾರೆ. ನಾನು ಪ್ರೊಫೈಲ್ ಹಾಕಿದ 2025ರ ಮಾರ್ಚ್ 25ಕ್ಕೆ ಜಾಬ್ ಆಫರ್ ಅಂಕಗಳನ್ನೂ ಕಿತ್ತುಹಾಕಿದರು. ಆ 50 ಅಂಕದ ಆಸೆಗೆ ಸಾವಿರಗಟ್ಟಲೆ ಡಾಲರ್ ಕೊಟ್ಟು ಎಲ್‌ಎಂಐಎ (ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳೋಕೆ ಕಂಪನಿಗೆ ಸಿಗೋ ಸರ್ಕಾರದ ಒಪ್ಪಿಗೆ) ಕೊಂಡವರ ಪಾಡು ಕೇಳಬೇಡಿ. ಕೊಳ್ಳೋದೇ ತಪ್ಪು ಅನ್ನೋದು ಬೇರೆ ಮಾತು.

ನನ್ನ ಚಿಂತೆ ಹುಟ್ಟುಹಬ್ಬದ್ದು. ಮದುವೆಯಾಗದವರಿಗೆ 30 ವಯಸ್ಸಿಗೆ 105 ಅಂಕ, 31 ಆದರೆ 99. ಆಗಸ್ಟಿನಲ್ಲಿ ನನಗೆ 31. ಕೇಕ್ ಕತ್ತರಿಸಿದರೆ ಆರು ಅಂಕ ಕತ್ತರಿಸಿದ ಹಾಗೆ. ಕೈಯಲ್ಲಿದ್ದದ್ದು ಇಂಗ್ಲಿಷ್ ಒಂದೇ. ಸೆಲ್ಪಿಪ್ ಅನ್ನೋ ಇಂಗ್ಲಿಷ್ ಪರೀಕ್ಷೆ ಮತ್ತೆ ಬರೆದೆ, ಕೇಳೋದು, ಓದೋದು, ಬರೆಯೋದು, ಮಾತಾಡೋದು ನಾಲ್ಕರಲ್ಲೂ 10 ಬಂತು, ಹನ್ನೆರಡು ಅಂಕ ಏರಿ 524 ಆಯಿತು. ಜುಲೈನಲ್ಲಿ ಕರೆ ಬಂತು. ಅಲ್ಲಿಂದ ಅರವತ್ತು ದಿನದಲ್ಲಿ ಎಲ್ಲಾ ಕಾಗದ ಹಾಕಬೇಕು.

ಕಾಗದದಲ್ಲಿ ಪ್ರಾಣ ಹಿಂಡಿದ್ದು ಒಂದೇ, ಕೆಲಸದ ಲೆಟರ್. ನನ್ನ ಆಫರ್ ಲೆಟರಿನಲ್ಲಿ ಹುದ್ದೆಯ ಹೆಸರು 'ಅಕೌಂಟಿಂಗ್ ಕ್ಲರ್ಕ್' ಅಂತ ಇತ್ತು. ಹೆಸರು ನೋಡಿದರೆ 14200, ಕೆಲಸ ನೋಡಿದರೆ 12200. ಪುಣ್ಯಕ್ಕೆ ಅವರು ನೋಡೋದು ಏನು ಮಾಡುತ್ತೀರಿ ಅಂತ, ಹೆಸರಲ್ಲ. ಆದರೆ ಏನು ಮಾಡುತ್ತೀನಿ ಅಂತ ಲೆಟರ್ ಹೇಳಬೇಕು. ನಮ್ಮ ಓನರ್ ಮೊದಲು ಕೊಟ್ಟದ್ದು ಮೂರು ಸಾಲು: ಒಳ್ಳೆ ಹುಡುಗಿ, ಟೈಮಿಗೆ ಬರುತ್ತಾಳೆ, ಎಲ್ಲರ ಜೊತೆ ಹೊಂದಿಕೊಳ್ಳುತ್ತಾಳೆ. ವರನ ಕಡೆಯವರಿಗೆ ಕಳಿಸಬಹುದಿತ್ತು ಆ ಲೆಟರ್, ಪಿಆರ್‌ಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಅವರ ಎದುರು ಕೂತು ವಿವರಿಸಿದೆ. ಲೆಟರ್‌ಹೆಡ್ ಬೇಕು, ಸೇರಿದ ದಿನ, ವಾರದ ಗಂಟೆ, ಸಂಬಳ, ಸವಲತ್ತು, ಮಾಡೋ ಕೆಲಸ, ಸಹಿ. ಸರ್ಕಾರದ ವೆಬ್‌ಸೈಟಿನ ಸಾಲುಗಳನ್ನು ಹಾಗೇ ಇಳಿಸಬೇಡಿ, ಅದು ನೋಡಿದ ತಕ್ಷಣ ಗೊತ್ತಾಗುತ್ತೆ. ನಾನು ತಿಂಗಳ ಒಂದನೇ ತಾರೀಖಿನಿಂದ ಮೂವತ್ತರವರೆಗೆ ನಿಜವಾಗಿ ಏನೇನು ಮಾಡುತ್ತೇನೆ ಅಂತ ಬರೆದುಕೊಂಡು ಹೋಗಿದ್ದೆ. ಅವರು ಓದುತ್ತಾ ಓದುತ್ತಾ ಕನ್ನಡಕ ತೆಗೆದು, "ಇಷ್ಟೆಲ್ಲಾ ನೀನೇ ಮಾಡ್ತೀಯಾ?" ಅಂದರು. ಸಂಬಳ ಜಾಸ್ತಿ ಕೇಳೋಕೆ ಅದೇ ಸರಿಯಾದ ಹೊತ್ತು ಆಗಿತ್ತು. ನಾನು ಕೇಳಲಿಲ್ಲ, ಪೆದ್ದಿ.

ತುಮಕೂರಿನ ಹಳೇ ಕೆಲಸದ ಲೆಟರ್ ಮಾತ್ರ ಐದು ನಿಮಿಷದ ಕೆಲಸ. ಫೋನ್ ಮಾಡಿದರೆ ಆಡಿಟರ್ ಸಾರ್, "ಏನಮ್ಮ, ನೀನೇ ಟೈಪ್ ಮಾಡಿ ಕಳ್ಸು, ಸೀಲ್ ಹಾಕಿಸ್ತೀನಿ" ಅಂದರು. ಉಳಿದದ್ದು ಪೊಲೀಸ್ ಸರ್ಟಿಫಿಕೇಟ್, ಮೆಡಿಕಲ್, 1525 ಡಾಲರ್ ಫೀಸು. ಸಂಬಳದ ಚೀಟಿ, ಟಿ4 (ವರ್ಷದ ಸಂಬಳ, ತೆರಿಗೆಯ ಲೆಕ್ಕದ ಚೀಟಿ) ಎಲ್ಲಾ ಜೋಡಿಸಿ ಹಾಕಿದೆ. ಹೋದ ಏಳು ತಿಂಗಳನ್ನೂ ಮುಚ್ಚಿಡದೆ 14200 ಅಂತಲೇ ತೋರಿಸಿದೆ. ಆಮೇಲೆ ಐದಾರು ತಿಂಗಳು ಕಾದೆ, ದಿನಕ್ಕೆ ಹತ್ತು ಸಲ ಲಾಗಿನ್ ಮಾಡುತ್ತಾ.

ಇಮೇಲ್ ಬಂದಾಗ ಎಚ್‌ಎಸ್‌ಟಿ ರಿಟರ್ನ್ ತುಂಬುತ್ತಿದ್ದೆ. ಅದನ್ನು ಮುಗಿಸಿ ಕಳಿಸಿಯೇ ಎದ್ದೆ. ರಾತ್ರಿ ಎಂಟೂವರೆಗೆ ಅಪ್ಪನಿಗೆ ಫೋನ್ ಮಾಡಿದೆ, ಅಲ್ಲಿ ಬೆಳಗ್ಗೆ ಏಳು. ಅಟ್ಟದಲ್ಲಿದ್ದರು, ಕಾಯಿ ಅಲ್ಲಾಡಿಸಿ ನೋಡೋ ಸದ್ದು ಕೇಳುತ್ತಿತ್ತು. ಪಿಆರ್ ಬಂತು ಅಪ್ಪಾ ಅಂದೆ. "ಸರಿ ಮಗಾ. ಹಂಗಾದ್ರೆ ಇನ್ಮೇಲೆ ಊರಿಗೆ ಬರಬಹುದಾ, ಅಲ್ಲೇ ಇರಬೇಕಾ?" ಅಂದರು. ಐದು ವರ್ಷದಲ್ಲಿ 730 ದಿನ ಇಲ್ಲಿದ್ದರೆ ಸಾಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಉಳಿದ ಮೂರು ವರ್ಷ ನಮ್ದು" ಅಂದರು.